ಅಜ್ಜಂಪುರದಲ್ಲಿ ಕಟ್ಟಿದ ಜೋಡಿ

ಕುಸ್ತಿಯ ಮೈಕು ಹಿಡಿಯುವುದು ನಿವೃತ್ತ ಮೇಷ್ಟ್ರಿಗೆ ಒಪ್ಪುವ ಕೆಲಸವೇ ಎಂದು ಕೇಳಿದವರುಂಟು. ಸರ್ವೀಸು ಪೂರ್ತಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು, ವಯಸ್ಸಾದ ಮೇಲೆ ದೊಡ್ಡವರು ಮಣ್ಣಿಗೆ ಬೀಳುವುದನ್ನು ಸಾರಿ ಹೇಳಿದರೆ ಅದು ಬಡ್ತಿಯೇ ಹೊರತು ಹಿಂಬಡ್ತಿಯಲ್ಲ ಎಂಬುದು ನನ್ನ ನಿಲುವು. ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಅಖಾಡ ಹೂಡಿದರೂ ನನ್ನ ಗಂಟಲು ಅಲ್ಲಿರುತ್ತಿತ್ತು.

ನಾನು ಹೇಳಹೊರಟ ಪೈಲ್ವಾನ ತರೀಕೆರೆಯವನು. ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುವುದು, ಕುಸ್ತಿಯಿದ್ದ ಕಡೆ ಹೋಗಿ ಕಾಸಿಗೆ ಹಿಡಿಯುವುದು ಅವನ ಬದುಕು. ಯಾವ ಗರಡಿಗೂ ಸೇರಿದವನಲ್ಲ, ಗುರುವೂ ಇಲ್ಲ. ಉಳಿದವರಿಗೆಲ್ಲ ಗರಡಿಯ ಹೆಸರು ಹಿಡಿದು ಕೂಗುತ್ತಿದ್ದ ನಾನು ಅವನನ್ನು ‘ಸ್ವತಂತ್ರ ಅಭ್ಯರ್ಥಿ’ ಎಂದು ಕೂಗುತ್ತಿದ್ದೆ. ಜನ ನಗುತ್ತಿದ್ದರು. ಅವನು ಗಂಭೀರವಾಗಿ ಕೈ ಮುಗಿಯುತ್ತಿದ್ದ.

ಕುಸ್ತಿಗೆ ಕೆಲವು ದಿನ ಮೊದಲು ಜೋಡಿ ಕಟ್ಟುತ್ತಾರೆ. ಸರಿಸಮ ಮೈಕಟ್ಟಿನ ಇಬ್ಬರು ಎದುರುಬದುರು ನಿಂತು ಕೈ ಹಿಡಿದರೆ ಮುಗಿಯಿತು. ನಿಶ್ಚಯವಾದ ಮದುವೆಯನ್ನಾದರೂ ಮುರಿಯಬಹುದು, ಇದನ್ನು ಮುರಿಯುವಂತಿಲ್ಲ. ಕುಸ್ತಿ ಆಗುವ ತನಕ ಮೈಗೆ ಕತ್ತಿ, ಬ್ಲೇಡು ಏನೂ ತಾಕಬಾರದೆಂಬುದು ಹಳಬರ ಕಟ್ಟಳೆ. ಈಗಿನ ಹುಡುಗರು ಅಖಾಡಕ್ಕೆ ಬರುವ ಮುಂಚೆ ಗಡ್ಡಕ್ಕೆ ಡಿಸೈನು ಕೊರೆಸಿಕೊಂಡು ಬರುತ್ತಾರೆ. ಇವನೊಬ್ಬ ಆ ಕಟ್ಟಳೆ ಪಾಲಿಸುತ್ತಿದ್ದ.

ಕೊರೊನಾ ಬಂದ ವರ್ಷ ಅಜ್ಜಂಪುರದಲ್ಲಿ ಜೋಡಿ ಕಟ್ಟುವಾಗ ಇವನೆದುರು ಒಬ್ಬ ಬಂದು ಕೈ ಚಾಚಿದ. ಎತ್ತರದ ಆಳು, ಮುಖ ಮರೆಯಾಗುವಂತೆ ತಲೆಯ ಮೇಲೆ ಟವಲು. ಕಡೂರಿನವರು ಅವನನ್ನು ಅಜ್ಜಂಪುರದವನೆಂದುಕೊಂಡರು, ಅಜ್ಜಂಪುರದವರು ಕಡೂರಿನವನೆಂದುಕೊಂಡರು. ನಾನು ಎರಡೂ ಊರನ್ನು ನಂಬಿ ಜೋಡಿ ಸಾರಿದೆ. ಆ ವಾರವೇ ದೇಶವೆಲ್ಲ ಬಂದ್ ಆಯಿತು, ಕುಸ್ತಿ ನಡೆಯಲಿಲ್ಲ. ಆಮೇಲೆ ವಿಚಾರಿಸಿದರೆ ಅಂಥವನೊಬ್ಬ ಯಾವ ಗರಡಿಯಲ್ಲೂ ಇಲ್ಲ.

“ಕೈ ತಣ್ಣಗಿತ್ತು ಮೇಷ್ಟ್ರೇ,” ಎಂದ ಪೈಲ್ವಾನ. “ಈಗ್ತಾನೆ ಬಾವಿಯಿಂದ ಎತ್ತಿದಂಗೆ.”

ಅವನು ಬೇರೆ ಜೋಡಿ ಒಪ್ಪಲಿಲ್ಲ. ಗಡ್ಡ ಬೆಳೆದು ಎದೆ ಮುಟ್ಟಿತು. ಹೋದ ವರ್ಷ ಸಕ್ಕರೆ ಕಾಯಿಲೆ ಪಾದಕ್ಕಿಳಿದು ಎರಡು ಬೆರಳು ಕಪ್ಪಾದವು. ಅವನ್ನು ತೆಗೆಯದಿದ್ದರೆ ಕಾಲು ಹೋಗುತ್ತದೆ, ಆಮೇಲೆ ಜೀವವೂ ಹೋಗುತ್ತದೆ ಎಂದರು ಶಿವಮೊಗ್ಗದ ಡಾಕ್ಟರು. ಕುಸ್ತಿ ಮುಗಿಯದೆ ಕತ್ತಿ ತಾಕಿಸುವಂತಿಲ್ಲ ಎಂದ ಇವನು.

ಅವನ ಹೆಂಡತಿ ನಮ್ಮ ಮನೆಗೆ ಬಂದರು.

“ಜೋಡಿ ಸಾರಿದೋರು ನೀವು ಮೇಷ್ಟ್ರೇ. ಆವಯ್ಯ ಬಂದವ್ನೆ ಅಂತ ಮೈಕಲ್ಲಿ ಕೂಗ್ಬಿಡಿ. ಇವ್ರು ಒಂದ್ಸಲ ಮಣ್ಣಿಗಿಳಿದು ಎದ್ದು ಬರ್ಲಿ.”

“ಬರದೇ ಇರೋನ್ನ ಬಂದ ಅಂತ ಹೆಂಗಮ್ಮ ಕೂಗೋದು?”

“ಎಲೆಕ್ಷನ್ನಲ್ಲಿ ಕೂಗಲ್ವಾ? ಲೀಡ್ರು ಈಗ ಬಂದ್ರು, ಆಗ ಬಂದ್ರು ಅಂತ?”

ಅಲ್ಲಿಗೆ ನಾನು ಚಿತ್ತಾದೆ.

ಮಾರನೆಯ ದಿನ ಮಧ್ಯಾಹ್ನ ತರೀಕೆರೆಯ ಹಳೆಯ ಗರಡಿಯ ಬಾಗಿಲು ತೆಗೆಸಿದೆವು. ಒಳಗೆ ನಾವು ಮೂವರೇ. ಆಕೆ ಗಂಡನ ಪಾದದ ಬ್ಯಾಂಡೇಜಿನ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು ಬಿಗಿದು ಕಟ್ಟಿದರು. ಕರೆಂಟು ಇರಲಿಲ್ಲ. ಆದರೂ ಮೈಕು ಹಿಡಿದೆ. ಅದಿಲ್ಲದೆ ನನಗೆ ಸುಳ್ಳು ಬರುವುದಿಲ್ಲ.

“ಅಜ್ಜಂಪುರದಲ್ಲಿ ಕಟ್ಟಿದ ಜೋಡಿ, ಇಬ್ಬರೂ ಬಂದಿದ್ದಾರೆ! ಅಖಾಡಕ್ಕೆ!”

ಪೈಲ್ವಾನ ಒಂದು ಬೊಗಸೆ ಮಣ್ಣು ತೆಗೆದು ಎದುರಾಳಿಯ ಹೆಗಲಿಗೆ ಎರಚಿದ, ಅದು ವಾಡಿಕೆ. ಮಣ್ಣು ಆಚೆ ಗೋಡೆಗೆ ತಾಗುವ ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ಅವನು ಬಾಗಿ, ಒಂದು ಕುತ್ತಿಗೆಗೆ ಕೈ ಹಾಕುವ ಹಾಗೆ ಕೈ ಹಾಕಿ, ಮುಂದಕ್ಕೆ ನೂಕಿದ. ಏದುಸಿರು ಕೇಳಿಸುತ್ತಿತ್ತು. ಅವನ ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ನಾನು ಆಕೆಯ ಮುಖ ನೋಡಿದೆ. ಆಕೆಯೂ ಉಸಿರು ಹಿಡಿದಿದ್ದರು.

ಆಮೇಲೆ ಅವನ ಎರಡೂ ಪಾದ ನೆಲ ಬಿಟ್ಟವು. ಬೆನ್ನು ಮಣ್ಣಿಗೆ ಬಡಿಯಿತು, ಎರಡು ಭುಜವೂ ತಾಗಿದವು. ಬೀಳುವವರನ್ನು ನೋಡುತ್ತಲೇ ಕೂದಲು ನೆರೆಸಿಕೊಂಡವನು ನಾನು. ಮನುಷ್ಯ ತಾನಾಗಿ ಹಾಗೆ ಬೀಳಲಾರ.

“ಸೋತೆ ಮೇಷ್ಟ್ರೇ,” ಎಂದ, ಹಾಯಾಗಿ.

ಗೆದ್ದವನನ್ನು ಸಾರುವುದು ನನ್ನ ಧರ್ಮ. ಬಾಯಿ ತೆರೆಯುವಷ್ಟರಲ್ಲಿ ಆಕೆ ಮೈಕು ಕಿತ್ತುಕೊಂಡರು. “ಬ್ಯಾಡ. ಗೆದ್ದೋನ್ಗೆ ಮರ್ಯಾದೆ ಮಾಡಿದ್ರೆ ಇಲ್ಲೇ ಉಳ್ಕತ್ತಾನೆ.”

ಅವತ್ತೇ ಶಿವಮೊಗ್ಗಕ್ಕೆ ಹೊರಟರು. ಬೆರಳು ಹೋದವು, ಕಾಲು ಉಳಿಯಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಗರಡಿಯ ಮುಂದೆ ಬಾಡಿಗೆ ಕಾರು ನಿಂತಿತ್ತು. ಪೈಲ್ವಾನ ಹಿಂದಿನ ಸೀಟಿನಲ್ಲಿ ಒಂದು ಬಾಗಿಲಿಗೆ ಒತ್ತಿಕೊಂಡು ಕೂತ.

“ಆ ಕಡೆ ಸರೀರಿ,” ಎಂದರು ಹೆಂಡತಿ.

“ಆ ಕಡೆ ಎಲ್ಲೈತೆ ಜಾಗ?”

ಆಕೆ ಖಾಲಿ ಸೀಟನ್ನು ಒಮ್ಮೆ ನೋಡಿದರು. ಹೋಗಿ ಡ್ರೈವರ್ ಪಕ್ಕ ಕೂತರು.

“ನೀವೂ ಬನ್ನಿ ಸಾರ್, ಹಿಂದೆ ಬೇಕಾದಷ್ಟು ಜಾಗ ಇದೆ,” ಎಂದ ಡ್ರೈವರು.

ನಾನು ಬಸ್ಸಿಗೆ ಹೋದೆ.