ತಾಗಬಾರದ ಹಲ್ಲುಗಳು

ಮಿತ್ರರೇ, ತುಟಿ ಮುಚ್ಚಿರುವಾಗಲೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದಂತೆ. ಕಿವಿನೋವೆಂದು ಇಂದು ಬೆಳಿಗ್ಗೆ ಫ್ಯಾಕ್ಟೋರಿಯಾ ಬಡಾವಣೆಯ ಕ್ಲಿನಿಕ್ಕಿಗೆ ಹೋಗಿದ್ದೆ. ನೋವಿನ ಮೂಲ ಕಿವಿಯಲ್ಲ, ದವಡೆಯ ಕೀಲು ಎಂದರು ವೈದ್ಯೆ. ನಾನು ಹಗಲಿಡೀ ಹಲ್ಲು ಬಿಗಿಹಿಡಿದಿರುತ್ತೇನೆ, ರೂಢಿಯಾದ ಬಿಗಿತ ನಮ್ಮ ಅರಿವಿಗೇ ಬರುವುದಿಲ್ಲ ಎಂಬುದು ಅವರ ವಿವರಣೆ. ನನ್ನ ದವಡೆಯ ಸ್ಥಿತಿ ನನಗೇ ಮೊದಲು ತಿಳಿಯಬೇಕಲ್ಲವೇ ಎಂದು ವಾದಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ವಾದವನ್ನು ಸೋತವನಲ್ಲ.

ಮರಳುವಾಗ ಕಾರು ಓಡಿಸುತ್ತಿದ್ದ ಪತ್ನಿ ವಸುಧಾ ಕೇಳಿದಳು: “ರೀ, ಈಗ ಹಲ್ಲು ತಾಗ್ತಿದೆಯಾ?”

“ಇಲ್ಲ.”

“ಸರಿ. ನಮ್ಮ ಆಕಾಶನ ಫ್ರೆಂಡ್ ಮಿಲ್ ಕ್ರೀಕ್‌ನಿಂದ ಕಾಲ್ ಮಾಡಿದ್ದ. ಅವನ ಮಗೂಗೆ ನಮ್ಮ ಹುಡುಗನ ಹೆಸರೇ ಇಡ್ತಾರಂತೆ. ನಾಮಕರಣದ ದಿನ ಮಗು ಕಿವೀಲಿ ಹೆಸರು ನೀವೇ ಹೇಳ್ಬೇಕಂತೆ.”

ನನ್ನ ಕೈ ಕಿವಿಯ ಮೇಲೆ ಹೋಯಿತು.

“ಈಗ?”

ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಬೆಸುಗೆ ಹಾಕಿದಂತೆ ಕೂಡಿಕೊಂಡಿದ್ದವು. ನೋವು ಕಿವಿಯವರೆಗೂ ಏರುತ್ತಿತ್ತು. ಮಗ ತೀರಿಕೊಂಡ ಮೇಲೆ ಆ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಅದು ನನ್ನ ಸಂಯಮವೆಂದೇ ತಿಳಿದಿದ್ದೆ.

“ತಾಗಿದೆ,” ಎಂದೆ.

“ನಿಮ್ಮ ಕೈಲಿ ಆಗಲ್ಲ ಅಂದ್ಬಿಡ್ಲಾ ಅವನಿಗೆ?”

“ಬೇಡ. ಬರ್ತೀವಿ ಅನ್ನು.”

ಹಲ್ಲು ಬಿಗಿಹಿಡಿದುಕೊಂಡು ‘ಆಕಾಶ’ ಎನ್ನಲು ಸಾಧ್ಯವಿಲ್ಲ. ಸಂಜೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಪ್ರಯತ್ನಿಸಿ ನೋಡಿದ್ದೇನೆ.