ಒಂದು ಸೈಜು ದೊಡ್ಡ ಹೊದಿಕೆ

ನವೆಂಬರಿನಲ್ಲಿ ಕುದುರೆಯ ಮೈಗೂದಲು ಬೋಳಿಸುತ್ತಾರೆಂದು ಮಗಳು ಹೇಳಿದಾಗ, ಈ ದೇಶದವರಿಗೆ ತಲೆ ಕೆಟ್ಟಿದೆ ಎಂದೇ ನನಗೆ ಅನಿಸಿತು. ಚಳಿಗೆಂದು ದೇವರು ಕೊಟ್ಟದ್ದನ್ನು ಮೆಷೀನು ಹಿಡಿದು ತೆಗೆದು, ಆಮೇಲೆ ಅಂಗಡಿಗೆ ಹೋಗಿ ಹೊದಿಕೆ ತರುವುದು ಯಾವ ನ್ಯಾಯ? ಮಗಳು ತಾಳ್ಮೆಯಿಂದ ವಿವರಿಸಿದಳು: ಅಷ್ಟು ದಪ್ಪ ಕೂದಲಿಟ್ಟುಕೊಂಡು ಓಡಿದರೆ ಕುದುರೆ ಬೆವರುತ್ತದೆ, ಬೆವರು ಬೇಗ ಆರುವುದಿಲ್ಲ, ಆ ಒದ್ದೆಯಿಂದಲೇ ಅದಕ್ಕೆ ಶೀತವಾಗುತ್ತದೆ. ನನಗೆ ಅರ್ಥವಾಯಿತು. ಸಮಾಧಾನವಾಗಲಿಲ್ಲ. ನಾನು ಸಮಾಧಾನವಾಗಿದ್ದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ.

ಕುದುರೆ ನಮ್ಮದಲ್ಲ. ಸ್ವೀಡನ್ನಿನ ಸೋಡರ್‌ಟೆಲ್ಯೆ ಎಂಬ ನಮ್ಮ ಊರಿನ ಹೊರಗೆ ಒಂದು ಲಾಯದಲ್ಲಿ, ಅರವತ್ತು ದಾಟಿದ ಒಬ್ಬ ಹೆಂಗಸು ಅದನ್ನು ಇಟ್ಟುಕೊಂಡಿದ್ದರು. ಹದಿಮೂರರ ನನ್ನ ಮಗಳು ಅದರ ಲದ್ದಿ ಬಾಚಿ, ಮೈ ಉಜ್ಜಿ, ಅದಕ್ಕೆ ಬದಲಾಗಿ ಸವಾರಿ ಮಾಡುತ್ತಿದ್ದಳು. ಆ ಚಳಿಗಾಲ ಯಜಮಾನಿ ಮಂಡಿಯ ಆಪರೇಷನ್ ಮಾಡಿಸಿಕೊಂಡು ಊರುಗೋಲು ಹಿಡಿದಿದ್ದರು. "ಹೊಸ ಹೊದಿಕೆ ನೀನೇ ಆರಿಸು. ಸರಿಯಾಗಿ ನಡೆಸಿದರೆ ವಸಂತದವರೆಗೂ ಕುದುರೆ ನಿನ್ನ ಜವಾಬ್ದಾರಿ" ಎಂದು ಮಗಳಿಗೆ ಹೇಳಿದ್ದರು. ಅವಳು ನನ್ನ ಹೊಲಿಗೆಯ ಟೇಪು ಒಯ್ದು ಕುದುರೆಯ ಅಳತೆ ತೆಗೆದು, ಅಂಗೈ ಮೇಲೆ ಬರೆದುಕೊಂಡು ಬಂದಳು. ನನ್ನ ಕೆಲಸ ಕಾರು ಓಡಿಸುವುದಷ್ಟೇ.

ಅಷ್ಟೇ ಮಾಡಿದ್ದರೆ ಚೆನ್ನಾಗಿತ್ತು.

ಅಂಗಡಿಯಲ್ಲಿ ಹೊದಿಕೆಗಳು ಜಿಪ್ಪು ಹಾಕಿದ ಚೀಲಗಳಲ್ಲಿದ್ದವು. ಇಲ್ಲಿನವರು ಚೀಟಿ ಓದಿ, ಚೀಲ ಎತ್ತಿಕೊಂಡು ಹೋಗುತ್ತಾರೆ. ನನ್ನದೋ ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಪಳಗಿದ ಕೈ. ಇದೊಂದು ಬಿಡಿಸಿ ತೋರಿಸಿ ಎಂದೆ. ಅಂಗಡಿಯ ಹುಡುಗಿ ಬಿಡಿಸಿದಳು. ಅದರ ಪಕ್ಕದ್ದು ಎಂದೆ. ಆ ನೀಲಿಯದು. ನೋಡುನೋಡುತ್ತ ನೆಲವೆಲ್ಲ ಹೊದಿಕೆಯಾಯಿತು. ನಾನು ಮಂಡಿಯೂರಿ ಒಂದರ ಲೈನಿಂಗನ್ನು ಕೆನ್ನೆಗೆ ಒತ್ತಿ ಮೆತ್ತಗಿದೆಯೇ ಎಂದು ನೋಡುತ್ತಿದ್ದರೆ, ಬೇರೆ ಗಿರಾಕಿಗಳು ಕಾಲು ಎತ್ತೆತ್ತಿ ಇಟ್ಟು ದಾಟುತ್ತಿದ್ದರು.

"ಅಮ್ಮಾ, ಪ್ಲೀಸ್ ಏಳು. ನಾನಾಗ್ಲೇ ತಗೊಂಡಾಯ್ತು." ಅವಳ ಕಂಕುಳಲ್ಲಿ ಒಂದು ಚೀಲವಿತ್ತು.

"ಇಷ್ಟು ತೆಳ್ಳಗಾ? ಬೋಳು ಮೈ ಕಣೇ ಅದು! ಈ ದಪ್ಪದ್ದು ತಗೋ. ಸೈಜೂ ಒಂದು ದೊಡ್ಡದಿರ್ಲಿ, ಮುಂದಿನ ವರ್ಷಕ್ಕೂ ಆಗತ್ತೆ."

"ಅದಕ್ಕೆ ಹದಿನಾಲ್ಕು ವರ್ಷ ಅಮ್ಮ. ಇನ್ನೆಲ್ಲಿ ಬೆಳೆಯತ್ತೆ?"

"ಒಗೆದ್ರೆ ಸ್ವಲ್ಪ ಕುಗ್ಗತ್ತೆ. ನಿಂಗೇನ್ ಗೊತ್ತು? ಬಟ್ಟೆ ತಗೊಂಡು ನಂಗೆ ಅಭ್ಯಾಸ ಇದೆ."

ಅವಳು ಅಳತೆ ಬರೆದಿದ್ದ ಅಂಗೈಯನ್ನು ಮುಷ್ಟಿ ಮಾಡಿಕೊಂಡು, ಕಂಕುಳಲ್ಲಿದ್ದ ಚೀಲವನ್ನು ವಾಪಸ್ ಇಟ್ಟಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಶನಿವಾರ ಅವಳನ್ನು ಲಾಯಕ್ಕೆ ಬಿಡಲು ಹೋದಾಗ ನೀರು ಬೆರೆತ ಹಿಮ ಬೀಳುತ್ತಿತ್ತು. ಕುದುರೆ ಬೇಲಿಯ ಪಕ್ಕದಲ್ಲಿತ್ತು. ನೆಲದಲ್ಲಿ ಹೊರಳಾಡಿದಾಗ ದೊಡ್ಡ ಹೊದಿಕೆ ಪೂರ್ತಿ ತಿರುಗಿಹೋಗಿ ಹೊಟ್ಟೆಯ ಕೆಳಗೆ ಜೋತುಬಿದ್ದಿತ್ತು. ಹಿಂಗಾಲು ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು. ಬೋಳಿಸಿದ ಬೆನ್ನು ಒದ್ದೆಯಾಗಿ, ಪ್ರಾಣಿ ಗಡಗಡ ನಡುಗುತ್ತಿತ್ತು. ಮಗಳು ಓಡಿಹೋಗಿ ಬಕಲುಗಳನ್ನು ಬಿಚ್ಚಿದಳು. ಹೆಗಲ ಮೇಲೆ ಹೊದಿಕೆ ಉಜ್ಜಿ ಉಜ್ಜಿ ಅಂಗೈಯಗಲ ಚರ್ಮ ಕೆಂಪಾಗಿತ್ತು.

ಯಜಮಾನಿ ಊರುಗೋಲಿನಲ್ಲಿ ಹಿಮ ತುಳಿಯುತ್ತ ಬಂದರು. "ಈ ಸೈಜು ಯಾರು ಆರಿಸಿದ್ದು?"

"ನಾನು" ಎಂದಳು ಮಗಳು.

ಅವರು ಮಾತಾಡಿದ್ದು ಸ್ವೀಡಿಷ್. ನಾನು ಸ್ವೀಡಿಷ್ ಅರ್ಥವಾಗದವಳ ಮುಖ ಮಾಡಿಕೊಂಡೆ. ಆ ಮುಖ ನನಗೆ ಚೆನ್ನಾಗಿ ಬರುತ್ತದೆ. ಟಿಕೆಟ್ ತಪಾಸಣೆಯವರ ಎದುರು, ಮಗಳು ಚಿಕ್ಕವಳಿದ್ದಾಗ ಡಾಗಿಸ್ ಎಂಬ ಶಿಶುವಿಹಾರದ ಪಾಲಕರ ಸಭೆಗಳಲ್ಲಿ ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ. ಕಣ್ಣು ಸ್ವಲ್ಪ ಅಗಲ, ತುಟಿಯಲ್ಲಿ ಅರ್ಧ ನಗು. ಆವತ್ತು ಆ ಅರ್ಧ ನಗು ಮುಖದ ಮೇಲೆ ಹೆಪ್ಪುಗಟ್ಟಿತು.

"ಹಾಗಾದರೆ ಕುದುರೆ ನೋಡಿಕೊಳ್ಳಲು ನಾನು ಬೇರೆ ಯಾರನ್ನಾದರೂ ಹುಡುಕಬೇಕಾಗುತ್ತದೆ" ಎಂದರು ಯಜಮಾನಿ. ಬೈಗುಳವಲ್ಲ, ಸಾಮಾನ್ಯ ದನಿ.

ಮಗಳು ತಲೆಯಾಡಿಸಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಆ ಮುಖವನ್ನೇ ಮುಂದುವರಿಸುತ್ತಿದ್ದೆ. ನೋಡದೇ ಇದ್ದದ್ದನ್ನು ತಡೆದುಕೊಳ್ಳಲಾಗಲಿಲ್ಲ.

"ನಾನು" ಎಂದೆ ಸ್ವೀಡಿಷಿನಲ್ಲಿ. "ದೊಡ್ಡದು, ದಪ್ಪದ್ದು. ನಾನೇ ಹೇಳಿದ್ದು. ಅವಳು ಬೇಡ ಅಂದಿದ್ದಳು."

ಅವರು ನನ್ನ ಮಾತು ಕೇಳಿಸಿಕೊಂಡರು. ಉತ್ತರ ಮಾತ್ರ ಮಗಳಿಗೆ ಕೊಟ್ಟರು. "ನೀನು ತೆಗೆದ ಅಳತೆ ಸರಿ ಇತ್ತಾ?"

"ಇತ್ತು."

"ಹಾಗಿದ್ದರೆ ಅಮ್ಮನಿಗೂ ಇಲ್ಲ ಅನ್ನಬೇಕಿತ್ತು. ಕುದುರೆಗೆ ಹಾಗೆ ಅನ್ನೋಕೆ ಬರಲ್ಲವಲ್ಲ." ಲಾಯದಲ್ಲಿದ್ದ ಒಂದು ಹಳೆಯ ಹೊದಿಕೆ ತರಿಸಿ ಕುದುರೆಗೆ ಹೊದಿಸುತ್ತ ಮುಂದುವರಿಸಿದರು: "ಈಗಲೇ ಹೋಗಿ ಇನ್ನೊಂದು ತಾ. ನೀನೇ ಆರಿಸು. ಆಮೇಲೆ ನೋಡೋಣ."

ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ, ಅಭ್ಯಾಸಬಲದಿಂದ ನನ್ನ ಕೈ ಸೀಟ್ ಬೆಲ್ಟಿಗೆ ಹೋಯಿತು.

"ನೀನು ಇಲ್ಲೇ ಇರು" ಎಂದಳು ಮಗಳು.

ಇದ್ದೆ. ಗಾಜಿನಾಚೆ ಅವಳು ಒಂದು ಚೀಲ ಎತ್ತಿ ಚೀಟಿ ಓದುವುದು ಕಂಡಿತು. ಮತ್ತೊಂದು ಎತ್ತಿದಳು, ಕೆಳಗಿಟ್ಟಳು. ಯಾರನ್ನೂ ಏನೂ ಬಿಡಿಸಲು ಹೇಳಲಿಲ್ಲ. ಕತ್ತು ಮುಚ್ಚುತ್ತದೋ ಇಲ್ಲವೋ, ನೀರು ಇಳಿದರೇನು ಗತಿ, ಪಟ್ಟಿ ಗಟ್ಟಿಯಿದೆಯೋ ಎಂದು ಒಳಗೊಳಗೇ ಕುದಿಯುತ್ತ ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ.

ಅವಳು ಹೊರಬಂದು ಹಿಂದಿನ ಬಾಗಿಲು ತೆಗೆದಳು. ಚೀಲವನ್ನು ಸೀಟಿನ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತು ಬಾಗಿಲು ಎಳೆದುಕೊಂಡಳು. ಯಾವಾಗಲೂ ಅವಳು ಕೂರುತ್ತಿದ್ದ ಮುಂದಿನ ಸೀಟು ಖಾಲಿ ಉಳಿಯಿತು. ಕಾರು ಸ್ಟಾರ್ಟ್ ಮಾಡಿದೆ.