ಮಾಮ ಬಿಚ್ಚಿ ನೋಡಿದ ತಂತಿ

ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಪಂಪು ಮೊನ್ನೆ ಕೆಟ್ಟಿತು. ನಮ್ಮ ಲ್ಯಾಬಿನ ಪಂಪಿನದ್ದೇ ಆದ ಕಾದ ಎಣ್ಣೆಯ ವಾಸನೆ ಮೆಟ್ಟಿಲವರೆಗೆ ಬಂದಾಗ ನೆನಪಾದದ್ದು ಅಲ್ಲಿ ಎಲ್ಲರೂ ಮಾಮ ಎನ್ನುತ್ತಿದ್ದವರು. ನಾನು ಮೈಸೂರಿನಿಂದ ಪಿಎಚ್‌ಡಿ ಮಾಡಲು ಚೆನ್ನೈಗೆ ಬಂದಾಗ ಅವರು ಅಲ್ಲಿ ಹಿರಿಯ ಟೆಕ್ನಿಷಿಯನ್. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಕನ್ನಡದ ಮನೆಯವರು. ತಮ್ಮ ಮಾತಿನಲ್ಲಿ ತಮಿಳು ಎಷ್ಟು, ಕನ್ನಡ ಎಷ್ಟು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಪರಮಾಣು ಸಮ್ಮಿಳನದ ರಿಯಾಕ್ಟರಿನೊಳಗೆ ಪ್ಲಾಸ್ಮಾ ಎಂಬ ಅನಿಲ ಸೂರ್ಯನ ಒಡಲಿಗಿಂತ ಬಿಸಿ. ಅದರ ನಡುವೆ ಯಾವ ಉಪಕರಣವನ್ನೂ ಇಡಲಾಗದು. ಅಂಚಿನಲ್ಲಿ ಮಾತ್ರ, ಸಣ್ಣ ಟಂಗ್‌ಸ್ಟನ್ ತಂತಿಯೊಂದನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಒಡ್ಡಿ, ಅದು ಹಿಡಿದ ಕರೆಂಟಿನಿಂದ ಪ್ಲಾಸ್ಮಾ ಎಷ್ಟು ದಟ್ಟವಾಗಿದೆ ಎಂದು ತಿಳಿಯಬಹುದು. ಬೇರೆ ಊರಿನ ದೊಡ್ಡ ಯಂತ್ರಕ್ಕೆ ಹೋಗಬೇಕಾದ ಅಂಥ ತಂತಿಗಳನ್ನು ಮಾಮ ಪಿಂಗಾಣಿ ಕೊಳವೆಯಲ್ಲಿ ಕೂರಿಸಿ ಕೊಡುತ್ತಿದ್ದರು. ನಾನು ನಮ್ಮ ಪುಟ್ಟ ಚೇಂಬರಿನಲ್ಲಿ ಪರೀಕ್ಷಿಸುತ್ತಿದ್ದೆ.

ಒಂದು ತಿಂಗಳು ರೀಡಿಂಗ್ ದಿನದಿಂದ ದಿನಕ್ಕೆ ಏರಿತು. ಪ್ಲಾಸ್ಮಾ ದಟ್ಟವಾಗುತ್ತಿದೆ ಎಂದು ನನ್ನ ಪಿಎಚ್‌ಡಿ ಗೈಡ್ ಖುಷಿಯಾಗಿ ನನ್ನಿಂದ ಲೇಖನ ಬರೆಸಿದರು. ಮಾಮನ ಹೆಸರನ್ನೂ ಸೇರಿಸಿದರು. ನಿವೃತ್ತಿಗೆ ಎರಡು ತಿಂಗಳಿದ್ದ ಅವರ ಹೆಸರು ಲೇಖನವೊಂದರಲ್ಲಿ ಬರುವುದು ಅದೇ ಮೊದಲು. ಮಾಮ ಗ್ರಾಫನ್ನು ತುಂಬ ಹೊತ್ತು ನೋಡಿದರು.

“ತಂತಿ ತೆಗೆದು ನೋಡಿದ್ಯೇನಮ್ಮಾ?”

“ಇಲ್ಲ ಮಾಮ. ಚೇಂಬರ್ ತೆರೆದ್ರೆ ಮತ್ತೆ ಗಾಳಿಯೆಲ್ಲ ಹೊರಗೆ ಹೋಗೋಕೆ ನಾಲ್ಕು ದಿನ ಬೇಕಲ್ಲ.”

“ಪರವಾಯಿಲ್ಲೆ. ನಾಲ್ಕು ದಿವಸ ತಾನೆ.”

ಅವರೇ ತೆರೆದರು. ಬಿಳಿಯ ಕೊಳವೆಯ ಮೇಲೆ ಲೋಹದ ತೆಳು ಪದರ ಕೂತು ತಂತಿಗೆ ತಾಗಿಕೊಂಡಿತ್ತು. ಕರೆಂಟು ಹಿಡಿಯುತ್ತಿದ್ದದ್ದು ಬರೀ ತಂತಿಯಲ್ಲ, ಆ ಪದರವೂ. ಪ್ಲಾಸ್ಮಾ ಮೊದಲು ಇದ್ದ ಹಾಗೇ ಇತ್ತು… ನನಗೆ ಅಳು ಬಂತು. ಮಾಮ ನೇರ ಗೈಡ್ ಕೋಣೆಗೆ ಹೋದರು. “ನಾನು ಮಾಡಿದ್ದು ತಪ್ಪು ಸಾರ್. ತಂತಿಗೂ ಕೊಳವೆ ಬಾಯಿಗೂ ನಡುವೆ ಸಂದು ಬಿಡ್ಬೇಕಿತ್ತು,” ಎಂದರು.

ಲೇಖನ ಅಲ್ಲಿಗೇ ನಿಂತಿತು. ಉಳಿದ ದಿನಗಳಲ್ಲಿ ಸಂದು ಬಿಟ್ಟ ಹೊಸ ತಂತಿ ಮಾಡಿಕೊಟ್ಟು ಮಾಮ ನಿವೃತ್ತರಾದರು.

ಮರುವರ್ಷ ಸರಿಯಾದ ಅಳತೆಗಳೊಂದಿಗೆ ಬೇರೆ ಲೇಖನ ಬರೆದೆವು. ನಿವೃತ್ತರಾದವರ ಹೆಸರು ಯಾಕೆ ಎಂದರು ಗೈಡ್. ನಾನು ವಾದಿಸಲಿಲ್ಲ. ಅಚ್ಚಾದ ಪ್ರತಿ ಹಿಡಿದು ಕೋಡಂಬಾಕ್ಕಂನ ಅವರ ಮನೆಗೆ ಹೋದೆ. ಲೇಖಕರ ಹೆಸರುಗಳಿದ್ದ ಮೊದಲ ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ ಮಾಮ ಗ್ರಾಫ್ ಇದ್ದ ಪುಟ ತೆರೆದರು.

“ಈಗ ಏರ್ತಿಲ್ಲ ಅಲ್ವಾ? ಅದು ಪೋದುಂ, ಅಷ್ಟು ಸಾಕು,” ಎಂದು ಕಾಫಿ ತರಿಸಿದರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ನಾನೀಗ ಅದೇ ಕೆಲಸ ಕಲಿಸುತ್ತೇನೆ. ಸಂದು ಬಿಡುವ ಉಪಾಯ ಯಾರದೆಂದು ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಮಾಮನ ಹೆಸರು ಹೇಳಿದೆ. ಅವಳು ಕೈಯಲ್ಲಿದ್ದ ಆ ಲೇಖನದ ಪುಟ ತಿರುವಿ ಹುಡುಕಿದಳು.

“ಇದರಲ್ಲಿ ಇಲ್ವಲ್ಲ ಮೇಡಂ.”

“ಇಲ್ಲ,” ಎಂದೆ. “ನಾನು ಹಾಕಿಸಲಿಲ್ಲ.”